ಹಿಂದೆ ಬರೆದುಕೊಟ್ಟ ಚಿಲ್ಲರೆ

ಬೇತ್ರಿ ಸೇತುವೆ ದಾಟಿದ್ದೇ ತಡ
ರಸ್ತೆಗಡ್ಡ ಬಿದ್ದ ಕೊಂಬೆ ಎಳೆದುಹಾಕಲು ಇಳಿದಿದ್ದೆ.
ಒಳಗಿಂದ ಯಾವುದೋ ಹುಡುಗ, ಥೇಟ್ ನನ್ನದೇ ಗಂಟಲಲ್ಲಿ,
‘ರೈಟ್’ ಅಂದ.
ಡ್ರೈವರ್ ಮಾಚಯ್ಯ ಕಿವಿ ನಂಬುವ ಮನುಷ್ಯ,
ಕನ್ನಡಿಯನ್ನಲ್ಲ.
ಬಸ್ಸು ಹೋಯಿತು.

ನನಗಾಗ ಇಪ್ಪತ್ತೇಳು. ಹೆಗಲಲ್ಲಿ ಚರ್ಮದ ಚೀಲ,
ಚೀಲದಲ್ಲಿ ಸರ್ಕಾರದ ನೂರಾ ಎಂಬತ್ತು ರೂಪಾಯಿ
ಝಣಝಣ ಕುಣಿಯುತ್ತ.
ಮೊದಲು ಕೆಲಸ ಹೋದೀತೆಂದು ಓಡಿದೆ,
ಆಮೇಲೆ ಮಾಚಯ್ಯನ ಮೇಲಿನ ಸಿಟ್ಟಿಗೆ ಓಡಿದೆ,
ಕದನೂರಿನ ಏರು ಬರುವ ಹೊತ್ತಿಗೆ,
ಹೇಗೆ ಹೇಳಲಿ,
ಬಸ್ಸು ಸಿಗದಿದ್ದರೂ ಆದೀತು ಅನ್ನಿಸಿಬಿಟ್ಟಿತ್ತು.

ಸಿಕ್ಕಿತು. ಹಾಲಿನ ಕ್ಯಾನು ಇಳಿಸುತ್ತ ನಿಂತಿದ್ದರು.
ಜನ ಚಪ್ಪಾಳೆ ತಟ್ಟಿದರು.
ಏದುಸಿರಲ್ಲೇ ಇಬ್ಬರಿಗೆ ವಿರಾಜಪೇಟೆ ಹರಿದುಕೊಟ್ಟು ಕೇಳಿದೆ:
ರೈಟ್ ಅಂದದ್ದು ಯಾರು?
ಎಲ್ಲರೂ ಕಿಟಕಿಯಾಚೆ ನೋಡಿದರು.

ಮರುದಿನದಿಂದ
ಮೊದಲ ಬಸ್ಸಿಗಿಂತ ಮೊದಲಿನ ಬಸ್ಸು ನಾನೇ.
ಮಡಿಕೇರಿ, ಮೇಕೇರಿ, ಹಾಕತ್ತೂರು, ಮೂರ್ನಾಡು,
ಸ್ಟೇಜಿಗಿಷ್ಟು ಉಸಿರು.
ಮದುವೆಯ ಹೊಸತರಲ್ಲಿ ಚೋಂದಮ್ಮ ಕೇಳಿದ್ದಳು,
‘ಅಲ್ಲಿಗೆ ಬಸ್ಸಿಲ್ಲವಾ?’
ಈಗ ಕೇಳುವುದಿಲ್ಲ.
ನೀರಿಗೆ ಚಿಟಿಕೆ ಉಪ್ಪು, ಎರಡು ತೊಟ್ಟು ಕಾಚಂಪುಳಿ ಬಿಟ್ಟು
ಬಾಟಲಿಯನ್ನು ಬಾಗಿಲ ಬಳಿ ಇಟ್ಟು ಮತ್ತೆ ಮಲಗುತ್ತಾಳೆ.
ಮೀನಖಂಡ ಹಿಡಿದುಕೊಂಡರೆ ಅದೇ ಮದ್ದು.
ಆ ಹುಳಿಗೆ ನೋವೇ ಮುಖ ಸಿಂಡರಿಸುತ್ತದೆ.

ನಲವತ್ತೆರಡು ಕಿಲೋಮೀಟರು ಬೇರೆಯವರಿಗೆ ಅಂಕಿ.
ನನಗದು ಮಡಿಕೇರಿ ಸ್ಟ್ಯಾಂಡಿನಿಂದ
ಹಾತೂರು ದಾಟಿ ಎರಡು ತಿರುವಿನವರೆಗಿನ ಚಾರ್ಜು.
ಯಾವ ಊರಲ್ಲಿ ಓಡಿದರೂ ಓಡಿದ್ದು ಇದೇ ದಾರಿ.
ಮುಂಬಯಿಯ ಸಮುದ್ರದ ದಂಡೆಯಲ್ಲಿ
ಪಕ್ಕದವನು ‘ಅರ್ಧ ಮುಗಿಯಿತು’ ಅಂದಾಗ
‘ಬೇತ್ರಿ’ ಅಂದೆ. ಅವನಿಗೆ ಅರ್ಥವಾಗಲಿಲ್ಲ.

ನಲವತ್ತರಲ್ಲಿ ಮೂರು ಗಂಟೆ ಹತ್ತೊಂಬತ್ತು ನಿಮಿಷ.
ಎಪ್ಪತ್ತೊಂದರಲ್ಲಿ ಆರು ಗಂಟೆ ಎಂಟು.
ಎಕ್ಸ್‌ಪ್ರೆಸ್ಸು ಶಟಲ್ ಆಗಿದೆ,
ಪೊದೆ ಕಂಡಲ್ಲೆಲ್ಲ ನಿಲುಗಡೆ.
ಗೋಣಿಕೊಪ್ಪದ ಡಾಕ್ಟರು ಮಂಡಿಯ ಚಿತ್ರ ಬೆಳಕಿಗೆ ಹಿಡಿದು
‘ಸವೆದಿದೆ’ ಅಂದರು.
ಸವೆಯದೆ?
ನಾನು ಕಂಡಂತೆ ಈ ರಸ್ತೆಗೆ ಏಳು ಸಲ ಡಾಂಬರು ಬಿತ್ತು,
ಮಂಡಿ ಮಾತ್ರ ಮೊದಲಿನದೇ.
ಆದರೆ ಡಾಕ್ಟರೇ, ಹೋದ ತಿಂಗಳು ಬಿಟ್ಟಂಗಾಲದಲ್ಲಿ
ತೋಟದ ಬೇಲಿ ಮುರಿದು ಆನೆ ರಸ್ತೆಗಿಳಿಯಿತಲ್ಲ,
ತಿರುಗಿ ಓಡಿದ ಆ ಒಂದು ಕಿಲೋಮೀಟರು
ಖಂಡಿತ ನಲವತ್ತರ ಹರೆಯದ್ದು.

ಮೊನ್ನೆಯ ಓಟದಲ್ಲಿ ನಾನೇ ಕೊನೆಯವನು.
ವಿರಾಜಪೇಟೆಯ ನಂತರ ಹಿಂದೆ ಆಂಬುಲೆನ್ಸು, ಅಷ್ಟೆ.
ಅದರ ಹುಡುಗ ಕಡಲೆಕಾಯಿ ಸುಲಿಯುತ್ತ,
‘ಹತ್ತುತ್ತೀರಾ ಉತ್ತಯ್ಯಜ್ಜ?’
ಖಾಲಿ ಗಾಡಿಯ ಆಸೆ ನನಗೆ ಗೊತ್ತಿಲ್ಲವೇ,
‘ಮುಂದೆ ಹೋಗು, ಅಲ್ಲಿ ಜನ ಇದ್ದಾರೆ’ ಅಂದೆ.

ಆಗೆಲ್ಲ ಚಿಲ್ಲರೆ ಇರದಾಗ
ಬಾಕಿಯನ್ನು ಟಿಕೆಟಿನ ಹಿಂದೆ ಬರೆದುಕೊಡುತ್ತಿದ್ದೆ.
ಅರ್ಧ ಜನ ಮರೆತು ಇಳಿಯುತ್ತಿದ್ದರು,
ನೆನಪಾಗಿ, ಬಸ್ಸು ಹೊರಟ ಮೇಲೆ, ಕೈ ಬೀಸುತ್ತಿದ್ದರು.
ನನ್ನ ಟಿಕೆಟಿನ ಹಿಂದೆಯೂ ಎಷ್ಟೋ ಬರೆದಿದೆ.
ನಾನಿನ್ನೂ ಇಳಿದಿಲ್ಲ.

ಹಾತೂರಿನಲ್ಲಿ ನೀರಿನ ಮೇಜು ಮಡಚುತ್ತಿದ್ದ ಹುಡುಗಿ
ನನ್ನನ್ನು ಕಂಡು ಅದರ ನಾಲ್ಕೂ ಕಾಲು ಮತ್ತೆ ಬಿಡಿಸಿದಳು,
ಬಟ್ಟೆ ಹಾಸಿದಳು,
ಒಂದು ಲೋಟ ನೀರಿಗೆ ಅಷ್ಟೆಲ್ಲ.
ನಿಂತು ಕುಡಿದೆ.
ನಿಲ್ಲಬಾರದಿತ್ತು. ‘ಹೋಲ್ಡಾನ್’ ಅಂತು ಮಂಡಿ.
ಇನ್ನೂ ಎರಡು ಕಿಲೋಮೀಟರು.
ಒಂದು ಬೆರಳು ಶೂ ಒಳಗೆ ಒದ್ದೆಯಾಗಿತ್ತು,
ರಕ್ತವೋ ಬೆವರೋ, ಬಿಚ್ಚಿ ನೋಡಲಿಲ್ಲ.

‘ರೈಟ್!’
ಎಷ್ಟು ಜೋರಾಗಿ ಬಂತೆಂದರೆ
ಸಿಲ್ವರ್ ಮರದಿಂದ ಎರಡು ಕೊಕ್ಕರೆ ಎದ್ದವು.
ಹುಡುಗಿ ಬೆಚ್ಚಿ, ‘ಯಾರು ಅಜ್ಜ ಕೂಗಿದ್ದು?’ ಅಂದಳು.

ನಾನು ತೋಟದ ಕಡೆ ನೋಡಿದೆ.