ಯಾವ ಆಯ್ತು?

ಹಾಸನದ ಪೆನ್ಷನ್ ಮೊಹಲ್ಲಾ, ಹಿಟ್ಟಿನ ಗಿರಣಿಯ ಮಹಡಿ:
ಏಳು ಮಿಷನ್ನು, ಏಳು ಹೆಂಗಸರು, ಒಂದು ಕಿಟಕಿ, ಮತ್ತೆ ನಾನು.
ಆರುನೂರ ಹನ್ನೆರಡು ಜೊತೆ ಯೂನಿಫಾರಂ
ಜೂನ್ ಒಂದಕ್ಕೆ ಮಕ್ಕಳ ಮೈಮೇಲಿರಬೇಕು.
ಕಾಗದಕ್ಕೆ ಸಹಿ ಹಾಕಿದ ರಾತ್ರಿ ನಿದ್ದೆ ಹತ್ತಲಿಲ್ಲ.
ಓದಿದ್ದು ಏಳನೇ ಕ್ಲಾಸು. ಲೆಕ್ಕದಲ್ಲಿ ಮೂವತ್ತೈದು.

ಬೆಳಗ್ಗೆ ಎದ್ದು, ಗೊತ್ತಿದ್ದ ಹಾಗೇ ಯೋಚಿಸಿದೆ.
ಅಂಗಿಯನ್ನು ಯಾರೂ ಗುಂಡಿಯಿಂದ ಶುರುಮಾಡುವುದಿಲ್ಲ,
ಆದರೆ ಗುಂಡಿ ಎಲ್ಲಿ ಕೂರುತ್ತದೆಂದು
ಕತ್ತರಿಗೆ ಮೊದಲೇ ಗೊತ್ತಿರಬೇಕು.
ಕ್ಯಾಲೆಂಡರಿನ ಜೂನ್ ಒಂದಕ್ಕೆ ಬೆರಳಿಟ್ಟು
ಹಿಂದಕ್ಕೆ ಹಿಂದಕ್ಕೆ ನಡೆದೆ:
ಇಸ್ತ್ರಿ, ಅದಕ್ಕೂ ಮುಂಚೆ ಗುಂಡಿ, ಅದಕ್ಕೂ ಮುಂಚೆ ಕಾಜಾ.
ಬೆರಳು ಅಲ್ಲೇ ನಿಂತಿತು.

ನಮ್ಮ ಓಣಿಗೆಲ್ಲ ಕಾಜಾ ಮಿಷನ್ನು ಒಂದೇ, ಮುನೀರ್ ಸಾಬರದು.
ದಿನಕ್ಕೆ ನಲವತ್ತು ಅಂಗಿ, ಅದೂ ಕರೆಂಟಿದ್ದರೆ.
ಏಳು ಜನ ಎಷ್ಟು ಜೋರಾಗಿ ತುಳಿದರೇನು,
ಎಲ್ಲ ಅಂಗಿಯೂ ಆ ಒಂದು ಸೂಜಿಯ ಕೆಳಗೇ ಹಾಯಬೇಕು.
ಅದಕ್ಕೇ ಮೊದಲು ಹೋಗಿ ಕೂತದ್ದು ಬಟ್ಟೆ ಅಂಗಡಿಯಲ್ಲಲ್ಲ,
ಸಾಬರ ಜಗಲಿಯ ಮೇಲೆ.
ಮೇ ಹತ್ತರಿಂದ ಇಪ್ಪತ್ತೈದು, ಬೇರೆ ಯಾರದೂ ಬೇಡ ಎಂದೆ.
ಚಹಾ ತರಿಸಿದರು.
"ಶುಕ್ರವಾರದ ಮಧ್ಯಾಹ್ನ ಲೆಕ್ಕಕ್ಕೆ ಹಿಡಿಯಬೇಡಮ್ಮ."
ಇಪ್ಪತ್ತೈದನ್ನು ಹೊಡೆದು ಇಪ್ಪತ್ತೇಳು ಮಾಡಿದೆ.

ಮಾರ್ಚಿನಲ್ಲಿ ತೆಗೆದ ಅಳತೆ ಜೂನಿಗೆ ಸುಳ್ಳು;
ಮಕ್ಕಳು ರಜೆಗೆ ಅಜ್ಜಿ ಮನೆಗೆ ಹೋಗಿ ಬೆಳೆದು ಬರುತ್ತವೆ.
ಹೊಲಿಗೆಯ ಒಳಗೆ ನಾವು ಒಂದಿಂಚು ಬಿಡುವುದು ಅದಕ್ಕೇ.
ತಿಂಗಳಿಗೂ ಒಂದಿಂಚು ಬಿಟ್ಟೆ,
ಕೊನೆಯ ಮೂರು ದಿನ, ಯಾರಿಗೂ ಹೇಳದೆ.
ಹೇಳಿದ್ದರೆ ಅದೂ ಹೊಲಿದುಹೋಗುತ್ತಿತ್ತು.

ಕೊನೆಗೆ ನನ್ನನ್ನು ಕೆಡವಿದ್ದು ಕರೆಂಟಲ್ಲ, ಕಾಜಾ ಅಲ್ಲ,
ನಮ್ಮದೇ ಬಾಯಿಯ ಒಂದು ಮಾತು.
"ರಾಜಮಣಿ, ಎಂಬತ್ತು ಲಂಗ?"
"ಆಯ್ತಕ್ಕ."
ಮುಗಿಯಿತು ಅಂತ ನಾನು ಕೇಳಿಸಿಕೊಂಡೆ.
ಒಪ್ಪಿದೆ ಅಂತ ಅವಳು ಹೇಳಿದ್ದಳು.
ಐದು ದಿನದ ಮೇಲೆ ಚೀಲ ಬಿಚ್ಚಿದರೆ
ಕತ್ತರಿಸಿಟ್ಟ ಬಟ್ಟೆ ಕತ್ತರಿಸಿಟ್ಟ ಹಾಗೇ,
ಸೀಮೆಸುಣ್ಣದ ಗೆರೆ ಕೂಡ ಮಾಸಿಲ್ಲ.
ಬೈಯಲು ಬಾಯಿ ತೆರೆದೆ. ಅವಳ ಕಣ್ಣು ನಿದ್ದೆಗೆಟ್ಟು ಊದಿತ್ತು,
ಮಗುವಿಗೆ ಜ್ವರ, ದೊಡ್ಡಾಸ್ಪತ್ರೆಯ ಚೀಟಿ ಬ್ಲೌಸಿನೊಳಗೆ.
ಆಗಲ್ಲ ಅನ್ನುವುದಕ್ಕೆ
ನಾನು ಅವಳಿಗೆ ಅರ್ಧ ಇಂಚೂ ಬಿಟ್ಟಿರಲಿಲ್ಲ.

ಅವತ್ತು ಸಂಜೆ ಗೋಡೆಗೆ ಎಂಟು ಮೊಳೆ ಹೊಡೆದೆವು.
ಒಪ್ಪಿದ ಆಯ್ತಿಗೆ ಬಿಳಿ ಗುಂಡಿ, ಮುಗಿದ ಆಯ್ತಿಗೆ ನೀಲಿ.
ಕೈ ಸಿಕ್ಕಿಬಿದ್ದರೆ ಒಂದು ಕೆಂಪು ದಾರ,
ಕಾರಣ ಯಾರೂ ಕೇಳುವಂತಿಲ್ಲ.
ಮೂರು ದಿನ ಯಾರೂ ಕೆಂಪು ಕಟ್ಟಲಿಲ್ಲ.
ನಾಲ್ಕನೇ ದಿನ ನನ್ನ ಮೊಳೆಗೆ ನಾನೇ ಕಟ್ಟಿದೆ,
ಕಾಲರಿಗೆ ಕ್ಯಾನ್ವಾಸು ತರಿಸಲು ಮರೆತಿದ್ದೆ.
ಜಬೀನಾ ಕಿಸಕ್ಕನೆ ನಕ್ಕಳು.
ಸಣ್ಣತಾಯಮ್ಮ ನಗಲಿಲ್ಲ; ಎದ್ದು, ಸೆರಗಿಗೆ ಕೈ ಒರೆಸಿ,
ತನ್ನ ಮೊಳೆಗೂ ಒಂದು ಕಟ್ಟಿ ಕೂತಳು.
ಎಂಬತ್ತು ಲಂಗ ನಾಲ್ಕು ಮಡಿಲಿಗೆ ಹಂಚಿತು.
ಮುಚ್ಚಿಟ್ಟ ಮೂರು ದಿನದಲ್ಲಿ ಎರಡು ಖರ್ಚಾದವು.

ಮೇ ಮೂವತ್ತೊಂದರ ಸಂಜೆ ಹೆಡ್‌ಮಾಸ್ಟರ ಫೋನು:
"ಎಲ್ಲಾ ಆಯ್ತೇನಮ್ಮ?"
ನಾಲಿಗೆಯ ತುದಿಗೆ ಹಳೇ ಆಯ್ತು ಬಂದು ನಿಂತಿತು.
ಗೋಡೆ ನೋಡಿದೆ.
"ಆರುನೂರ ಹನ್ನೊಂದು ಆಯ್ತು ಸಾರ್. ಒಂದು ಆಗಿಲ್ಲ.
ಐದನೇ ಕ್ಲಾಸಿನ ಲಿಖಿತ್, ನಿನ್ನೆ ತೊಡಿಸಿ ನೋಡಿದೆ,
ಇದ್ದ ಒಂದಿಂಚೂ ಬಿಚ್ಚಿದರೂ ತೋಳು ಸಾಲದು.
ನಾಡಿದ್ದು ಹನ್ನೊಂದು ಗಂಟೆಗೆ ನಾನೇ ತರುತ್ತೇನೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.
ಕೆಳಗೆ ಗಿರಣಿ ಯಾರದೋ ರಾಗಿ ಬೀಸುತ್ತಿತ್ತು,
ಮೊಳೆಗಳಲ್ಲಿ ನೀಲಿ ಗುಂಡಿ ಸಣ್ಣಗೆ ನಡುಗುತ್ತಿದ್ದವು,
ನಡುವೆ ಒಂದು ಬಿಳಿಯದೂ.