ಒಂದು ಮೊಳ ಖಾಲಿ

ನೆಲಕ್ಕೂ ಕಟ್ಟಡಕ್ಕೂ ನಡುವೆ
ಸುತ್ತಲೂ ಒಂದು ಮೊಳ ಸಂದು.
ಮೇಲೆ ಉಕ್ಕಿನ ಹಲಗೆ. ಹುಡುಗರು ದಡಬಡ ದಾಟುತ್ತಾರೆ,
ಹೊಸಬರಿಗೆ ಮಾತ್ರ ಕಾಲಡಿಯ ಟೊಳ್ಳು ಸದ್ದಿಗೆ
ಒಂದು ಗಳಿಗೆ ಅನುಮಾನ.

ದಕ್ಷಿಣ ಚಿಲಿಯ ಈ ಊರಲ್ಲಿ
ನೆಲವನ್ನು ಯಾರೂ ಪೂರ್ತಿ ನಂಬುವುದಿಲ್ಲ.
ಹಾಸಿಗೆಯ ತಲೆದೆಸೆಗೆ ಪಟ ತೂಗುಹಾಕುವುದಿಲ್ಲ.
ಹಳೆಯ ಗ್ರಂಥಾಲಯ ನಂಬಿತ್ತು:
ನಾಲ್ಕು ಮಹಡಿ, ಕಲ್ಲಿನ ಕಂಬ,
ಅಮೃತಶಿಲೆಯಲ್ಲಿ ದಾನಿಗಳ ಹೆಸರು.

ಆ ಬೆಳಗಿನ ಜಾವ ಕಪಾಟುಗಳು
ಒಂದರ ಬೆನ್ನಿಗೊಂದು ಒರಗಿ ಮಲಗಿದ್ದನ್ನು
ರಾಯೆನ್ ಪಾಯಿಲಾಲೆಫ್ ಕಂಡವಳು. ಆಗವಳು ಎರಡನೇ ವರ್ಷದ ವಿದ್ಯಾರ್ಥಿನಿ.
ಸಾಲಾಗಿ ನಿಂತು ಕೈಯಿಂದ ಕೈಗೆ
ಮೂರು ದಿನ ಪುಸ್ತಕ ಹೊರಗೆ ಸಾಗಿಸಿದರು.
ನೀರಿನ ಕೊಳವೆ ಒಡೆದು ಎಲ್ಲ ಒದ್ದೆ.
ಅವಳ ಕೈಗೆ ಬಂತು ಒಂದು ನಿಘಂಟಿನ ಹಿಂದಿನರ್ಧ.
ಮುಂದಿನರ್ಧ ಯಾರ ಕೈದಾಟಿ ಹೋಯಿತೋ
ಈಗಲೂ ಕೇಳುತ್ತಾಳೆ.

ಇಪ್ಪತ್ತು ವರ್ಷದ ಮೇಲೆ ಹೊಸದರ ನಕ್ಷೆ ಅವಳದೇ.
ಸಮಿತಿ ಕೇಳಿತು: ಗಾಜು ಎಲ್ಲಿ? ಕಾಫಿ ಎಲ್ಲಿ?
ಎಲ್ಲ ಇದೆ ಅಂದಳು. ಓದುವ ಮೇಜುಗಳಿಗೆ ತೆಂಕಣ ಬೆಳಕು;
ಇಲ್ಲಿ ಸೂರ್ಯನ ಓಡಾಟವೆಲ್ಲ ಬಡಗಣದಲ್ಲಿ,
ತೆಂಕಣದ್ದೇ ಕಣ್ಣಿಗೆ ತಂಪು.
ಸರಿ, ಆದರೆ ಬುಡದಲ್ಲಿ ಇದೇನು
ತೊಂಬತ್ತಾರು ರಬ್ಬರ್ ದಿಂಬು?
ಕಾಣದ್ದಕ್ಕೆ ಇಷ್ಟು ಹಣವೆ?
ಲೆಕ್ಕದ ಓಯಾರ್ಸೂನ್ ಮೆಲ್ಲಗೆ,
'ಸಂದನ್ನಾದರೂ ಒಂದು ಗೇಣಿಗೆ ಇಳಿಸಿದರೆ?'
ಅವಳು ಮೇಜಿನ ಮೇಲೆ ಕೈ ಚಾಚಿ
ಮೊಣಕೈಯಿಂದ ನಡುಬೆರಳ ತುದಿವರೆಗೆ ತೋರಿಸಿದಳಂತೆ.
ಇಷ್ಟು. ಇದರಲ್ಲಿ ಚೌಕಾಸಿ ಇಲ್ಲ.
ಬೇಕಾದರೆ ಅಮೃತಶಿಲೆ ತೆಗೆಯಿರಿ.

ತೆಗೆದರು.
ಅದಕ್ಕೇ ಒಳಗೆ ಗೋಡೆಯೆಲ್ಲ ಬರಿಮೈ ಕಾಂಕ್ರೀಟು,
ಅಚ್ಚಿನ ಹಲಗೆಯ ಗಂಟು, ನಾರು, ಒಂದು ಮೊಳೆಯ ತಲೆ
ಇನ್ನೂ ಮೂಡಿಕೊಂಡಿವೆ.
ದಾನಿಗಳು ಬಾಗಿಲ ಹಿಂದೆ, ತಗಡಿನಲ್ಲಿ.

ನನ್ನ ಕೆಲಸ ಕೆಳಗೆ.
ಟಾರ್ಚು ಹಿಡಿದು, ಸೊಂಟ ಬಗ್ಗಿಸಿ, ದಿಂಬಿಂದ ದಿಂಬಿಗೆ.
ಸಂದಿನಲ್ಲಿ ಬಿದ್ದದ್ದನ್ನು ಹೆಕ್ಕಬೇಕು:
ನಾಣ್ಯ, ಒಂಟಿ ಕಿವಿಯೋಲೆ, ಕಾಳಿನಷ್ಟು ಅಕ್ಷರದ ಕಾಪಿಚೀಟಿ.
ಒಮ್ಮೆ ತೋಟದವರು ಹೂಕುಂಡ ಇಳಿಸಲು ಬಂದರು, ಜಗಳವಾಯಿತು.
ಖಾಲಿ ಖಾಲಿಯಾಗಿಯೇ ಇರಬೇಕು,
ಅದನ್ನು ಕಾಯುವುದಕ್ಕೇ ನನಗೆ ಸಂಬಳ.

ಹೋದ ಜೂನ್, ರಾತ್ರಿ ಹನ್ನೊಂದು.
ಅಂಗಳದಲ್ಲಿದ್ದೆ. ನಾಯಿಗಳು ಮೊದಲು, ಆಮೇಲೆ ನೆಲ.
ಬಿದ್ದಲ್ಲಿಂದಲೇ ನೋಡಿದೆ:
ಎದುರಿನ ರಸಾಯನ ವಿಭಾಗದ ಕಿಟಕಿಗಳು ಗಿಲಕಿಯಾಡಿದವು,
ದೀಪದ ಕಂಬ ಓಲಾಡಿತು, ನಾನು ಓಲಾಡಿದೆ,
ದೀಪ ತುಂಬಿಕೊಂಡ ಆ ಐದು ಮಹಡಿ
ನೀರ ಮೇಲಿನ ಬಾತಿನಂತೆ, ನಿಧಾನ,
ಬೀದಿಯೇ ಅತ್ತಿತ್ತ ಹೋಗಿಬರಲಿ ಎಂದು ಬಿಟ್ಟುಕೊಟ್ಟಿತು.
ಮೂರನೇ ಮಹಡಿಯಲ್ಲಿ ಒಬ್ಬಳು ತಲೆಯೆತ್ತಿ
ಲಾರಿ ಹೋಯಿತಾ ಎಂದು ಕೇಳಿದಳಂತೆ.

ಬೆಳಿಗ್ಗೆ ಇಳಿದು ಗೀರು ಅಳೆದೆ.
ಒಂದು ಗೇಣು, ಅದರ ಮೇಲೆ ನಾಲ್ಕು ಬೆರಳು.
ರಾಯೆನ್‌ಗೆ ಫೋನಿನಲ್ಲಿ ಹೇಳಿದೆ.
ಆ ಕಡೆ ಬಹಳ ಹೊತ್ತು ಉಸಿರು ಮಾತ್ರ.
ಆಮೇಲೆ, ಸಂದಿನಲ್ಲಿ ಏನಾದರೂ ಸಿಕ್ಕಿತಾ?

ಒಂದು ಪೆನ್ಸಿಲು, ಅಂದೆ.
ಎರಡು ತುಂಡು.