ಇತ್ಯಾದಿ

ಕರೆಂಟು ಹೋಗಿ ಬಂತು ರಾತ್ರಿ ಎರಡು ಹತ್ತಕ್ಕೆ.
ಜನರೇಟರು ಕೆಮ್ಮಿ ಕೆಮ್ಮಿ ಹತ್ತಿಕೊಳ್ಳುವಷ್ಟರಲ್ಲಿ
ರಕ್ತನಿಧಿಯ ಸರ್ವರ್ ಮಲಗಿಬಿಟ್ಟಿತ್ತು.
ನಾನೇ ಎಬ್ಬಿಸಿದೆ. ಎದ್ದಿತು,
ಎಡಮಗ್ಗುಲಲ್ಲಿ ಎದ್ದವರ ಹಾಗೆ.

ಓ ನೆಗೆಟಿವ್ ಸೊನ್ನೆ, ಅಂದಿತು ಪರದೆ.
ಹೆರಿಗೆ ವಾರ್ಡಿನಿಂದ ಚೀಟಿ ಹಿಡಿದು ಬಂದ ಹುಡುಗ,
ಜಗಳೂರು ಕಡೆಯವನು, ಚಪ್ಪಲಿ ಹೊರಗೆ ಬಿಟ್ಟು
ಪರದೆಯನ್ನೇ ನೋಡುತ್ತಿದ್ದ,
ಅದಕ್ಕೆ ಗೊತ್ತಿರಲೇಬೇಕು ಅನ್ನುವ ಹಾಗೆ.

ಸಾಯಂಕಾಲ ನಾಲ್ಕು ಚೀಲ. ಲೆಕ್ಕಕ್ಕೆ ಏರಿಸಿದವಳು ನಾನು.

ಸಿಸ್ಟರ್ ಕೊಟ್ರಮ್ಮ ಮಾತೇ ಆಡಲಿಲ್ಲ.
ಫ್ರಿಜ್ಜಿನ ಬಾಗಿಲು ತೆಗೆದು
ಬೆರಳು ಮಡಚಿ ಎಣಿಸಿದಳು: ನಾಲ್ಕು.
ಒಂದನ್ನು ತೆಗೆದು ಹೊಂದಿಸಿ ನೋಡಲು ಇಟ್ಟು
"ನಿನ್ನ ಪೆಟ್ಟಿಗೆ ಯಾವೂರ ಲೆಕ್ಕ ಹೇಳ್ತಾ ಐತೆ, ಜಬೀನಾ?"

ಇದೇ ದಾವಣಗೆರೆಯ ಲೆಕ್ಕ.
ವರ್ಷ ಬೇರೆ.

ಎದ್ದ ಕೂಡಲೆ ಡೇಟಾಬೇಸು ಮಾಡುವ ಮೊದಲ ಕೆಲಸ
ನಾನು ಯಾರು, ನನ್ನ ಸಾಮಾನು ಎಲ್ಲಿದೆ ಅಂತ
ಬರೆದಿಟ್ಟ ಫೈಲೊಂದನ್ನು ಹುಡುಕುವುದು.
ನಮ್ಮದು ಮೊದಲು ಎದ್ದ ಜಾಗದಲ್ಲೇ ತಡಕುತ್ತದೆ.
ಸಿಗದಿದ್ದರೆ ಎಬ್ಬಿಸಿದವರ ಮನೆಗೆ ಹೋಗುತ್ತದೆ.
ಅಲ್ಲೂ ಇಲ್ಲ ಅಂದರೆ ಕೊನೆಗೆ
ಇತ್ಯಾದಿ.
ಹೌದು, ಮುಖ್ಯವಾದದ್ದನ್ನೆಲ್ಲ ಇಡುವ ಫೋಲ್ಡರಿಗೆ
ಯಾವನೋ ಪುಣ್ಯಾತ್ಮ ಇಟ್ಟ ಇಂಗ್ಲಿಷಿನ ಮೂರಕ್ಷರಕ್ಕೆ
ಅರ್ಥ ಅಷ್ಟೇ.

ಕತ್ತಲೆಯಲ್ಲಿ, ಗಡಿಬಿಡಿಯಲ್ಲಿ, ನಾನು ಎಬ್ಬಿಸಿದ್ದು
ಪಾಲಾಕ್ಷಪ್ಪನವರ ಹಳೇ ಫೋಲ್ಡರಿನಲ್ಲಿ ನಿಂತು.
ಅವರು ಹರಿಹರಕ್ಕೆ ವರ್ಗವಾಗಿ ಎರಡು ವರ್ಷ.
ಪರೀಕ್ಷೆಗೆಂದು ಫೈಲೊಂದನ್ನು ಇಟ್ಟು ಮರೆತಿದ್ದರು,
ಹೆಸರಿನ ಮುಂದೆ ಒಂದು ಚುಕ್ಕೆ.
ಮಗುವಿನ ಕೆನ್ನೆಗಿಟ್ಟರೆ ದೃಷ್ಟಿಬೊಟ್ಟು;
ಫೈಲಿಗಿಟ್ಟರೆ ದೃಷ್ಟಿಗೇ ಬೀಳುವುದಿಲ್ಲ.
ಒಳಗೆ ಹನ್ನೊಂದು ಸಾಲು. ಎಂಟನೆಯದು
ಹಳೇ ದಾಸ್ತಾನಿನ ದಾರಿ ತೋರಿಸುತ್ತಿತ್ತು.
ಕೊನೆಯದು ಯಂತ್ರ ಓದದ ಸಾಲು:
ನಾಳೆ ಅಳಿಸಬೇಕು.

ನಮ್ಮ ಮನೆಯ ಬೀಗದ ಕೈಯೂ ಹಾಗೇ ಇತ್ತು.
ಮೊಳೆಗೆ ಒಂದು, ಬಾಗಿಲ ಪಟ್ಟಿಯ ಮೇಲೊಂದು,
ಪಕ್ಕದ ಮನೆ ಖೈರುನ್ ಚಾಚಿಯ ಸೆರಗಿನಲ್ಲೊಂದು.
ಬೀಗ ಬದಲಾಯಿಸಿದ ದಿನ ಅಮ್ಮಿ
ಚಾಚಿಗೆ ಮಾತ್ರ ಹೊಸದು ಕೊಟ್ಟಿದ್ದಳು.
ಮಂಡಕ್ಕಿ ಭಟ್ಟಿಯಿಂದ ಮೈತುಂಬ ಮಸಿ ಹೊತ್ತು ಬಂದ ಅಬ್ಬಾ
ಮೊಳೆಯ ಕೈಯನ್ನು ತಿರುಗಿಸಿ ತಿರುಗಿಸಿ
ಬೀಗವನ್ನೇ ಬೈದರು.
ಕೈಗೆ ಸಿಕ್ಕದ್ದನ್ನು ಯಾರು ಅನುಮಾನಿಸುತ್ತಾರೆ?

ಎಬ್ಬಿಸುವ ಆಜ್ಞೆಯನ್ನೇ ತಿದ್ದಿದೆ:
ಇತ್ಯಾದಿಯಲ್ಲಿ ನೋಡು, ಅಲ್ಲಿ ಮಾತ್ರ.
ಇಲ್ಲವಾದರೆ ಏಳಲೇಬೇಡ,
ಯಾಕೆ ಏಳಲಿಲ್ಲ ಅಂತ ಕಿರುಚಿ ಹೇಳು.
ಸುಮ್ಮನೆ ಎದ್ದು ಕೂತು ಸೊನ್ನೆ ಅನ್ನಬೇಡ.

ಪಾಲಾಕ್ಷಪ್ಪನವರ ನಾಳೆಯನ್ನು
ನಾಲ್ಕೂಕಾಲಿಗೆ ಅಳಿಸಿದೆ.
ಅದಕ್ಕೂ ಮೊದಲು ಒಂದು ನಕಲು ಇಟ್ಟುಕೊಂಡೆ,
ಎಲ್ಲಿ ಅಂತ ಬರೆದಿಲ್ಲ.

ಮತ್ತೆ ಎದ್ದ ಪರದೆ ನಾಲ್ಕು ಅಂದಿತು.
ಹುಡುಗ ಒಂದನ್ನು ಎದೆಗವಚಿಕೊಂಡು
ಬರಿಗಾಲಲ್ಲೇ ಓಡಿ ತಾಸಾಗಿತ್ತು;
ಚಪ್ಪಲಿ ಇನ್ನೂ ಬಾಗಿಲಲ್ಲಿ.
ಒಂದನ್ನು ಕಳೆದೆ. ಮೂರು.

ಸರಿಯಾಯ್ತು ಸಿಸ್ಟರ್, ಅಂದೆ.
ಕೊಟ್ರಮ್ಮ ತಲೆಯಾಡಿಸಿ
ಫ್ರಿಜ್ಜಿನ ಬಾಗಿಲು ತೆಗೆದಳು,
ಮತ್ತೆ ಬೆರಳು ಮಡಚಿದಳು.